ಕಡ್ಡಿ ಕದಿಯುವ ಕ್ಯಾಸೆಟ್

೧೯೯೭ರ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಕೈತೋಟದ ಬಗ್ಗೆ ಕೇಳಲು ಯೋಗ್ಯವಾದ ಕ್ಯಾಸೆಟ್ ಒಂದೂ ಇಲ್ಲವೆಂಬ ಗಂಭೀರ ಸಂಗತಿ ಮೇಲಿನವರ ಗಮನಕ್ಕೆ ಬಂದು, ಜಿಲ್ಲಾ ಕೈತೋಟ ಶ್ರವಣ ಸಮಿತಿ ಅಸ್ತಿತ್ವಕ್ಕೆ ಬಂತು. ತೋಟವಿದ್ದವರು ಪಕ್ಷಪಾತ ಮಾಡಿಯಾರೆಂದು, ಮನೆಯಲ್ಲಿ ತುಳಸಿ ಕುಂಡವೂ ಇಲ್ಲದ ಏಳು ಮಂದಿಯನ್ನು ಹುಡುಕಿ ಸದಸ್ಯರನ್ನಾಗಿ ನೇಮಿಸಲಾಯಿತು. ಅಧ್ಯಕ್ಷ ಸಂಪತ್ಕುಮಾರ ಅವರು ಎರಡು ವರ್ಷ ಕಾಫಿ ಕುಡಿಯುತ್ತ ನಲವತ್ತೊಂದು ಕ್ಯಾಸೆಟ್ ಕೇಳಿ ನಲವತ್ತೊಂದನ್ನೂ ತಿರಸ್ಕರಿಸಿದರು. ಬಹುತೇಕ ಎಲ್ಲದರಲ್ಲೂ ಗೊಬ್ಬರದ ಮಾತು ಬಂದು ಕಾಫಿ ಕೆಡುತ್ತಿತ್ತು.

ನಲವತ್ತೆರಡನೆಯದು ಹೊಳೆನರಸೀಪುರದ ನಿವೃತ್ತ ಶಿಕ್ಷಕಿ ಕಾಮಾಕ್ಷಮ್ಮನವರದು. ಅವರ ಹಳೆಯ ಶಿಷ್ಯ, ಈಗ ಸಮಿತಿಯ ಗುಮಾಸ್ತ, ರವೀಂದ್ರ ಟೇಪ್ ರೆಕಾರ್ಡರ್ ಹಿಡಿದು ಬಂದಾಗ ಆಕೆ ಹಿತ್ತಿಲಿನ ಪನ್ನೀರು ಗುಲಾಬಿಯ ಪಕ್ಕ ಮಣೆ ಹಾಕಿಕೊಂಡು ಕೂತು ಮಾತಾಡಿದರು. ಮದುವೆಯಾದ ವರ್ಷ ಅರಕಲಗೂಡಿನ ಯಾರದೋ ಹಿತ್ತಿಲಿನಿಂದ ಸೆರಗಿನಲ್ಲಿ ಮುಚ್ಚಿಕೊಂಡು ತಂದ ಗಿಡ ಅದು. ಯಜಮಾನರು ಹೋದ ಮೇಲೆ ಬೆಳಗ್ಗೆ ಎದ್ದು ಮಾತಾಡಿಸಲು ಆಕೆಗೆ ಉಳಿದಿದ್ದೂ ಅದೊಂದೇ. ಅಕ್ಕಿ ತೊಳೆದ ನೀರು, ಕತ್ತರಿಸಿದ ಜಾಗಕ್ಕೆ ಅರಿಶಿನ ಎಂದೆಲ್ಲ ಹೇಳಿ ಕೊನೆಗೆ, ಸುಮ್ಮನಿರಲಾರದೆ ಇನ್ನೊಂದು ಮಾತು ಸೇರಿಸಿದರು.

"ನೋಡಪ್ಪ, ಕೊಟ್ಟ ಕಡ್ಡಿ ಹತ್ತೋದಿಲ್ಲ. ಕದ್ದು ತಂದು ನೆಟ್ಟಿದ್ದೇ ಹತ್ತೋದು."

ಇದು ಆ ಸೀಮೆಯ ಹೆಂಗಸರಿಗೆಲ್ಲ ಗೊತ್ತಿದ್ದ ಮಾತೇ. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು, ಅದರಲ್ಲೂ ಸರ್ಕಾರಿ ಟೇಪಿನ ಮುಂದೆ. ಸಮಿತಿ ಈ ಕ್ಯಾಸೆಟ್ಟನ್ನು ಸರ್ವಾನುಮತದಿಂದ ಕೇಳಲು ಯೋಗ್ಯವೆಂದು ಘೋಷಿಸಿತು. ಘೋಷಿಸಿದ ಮೇಲೆ ಅದರಲ್ಲಿರುವುದನ್ನು ಜಾರಿಗೆ ತರಲೇಬೇಕಾಯಿತು. ಕಳ್ಳತನ ಅಪರಾಧವಲ್ಲವೇ ಎಂದು ಸದಸ್ಯರೊಬ್ಬರು ಕೇಳಿದ್ದಕ್ಕೆ, ಅರ್ಜಿ ಇಲ್ಲದೆ ಮಾಡಿದರೆ ಮಾತ್ರ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು.

ತಿಂಗಳೊಳಗೆ ಸುತ್ತೋಲೆ ಹೊರಟಿತು: "ಕಡ್ಡಿ ಕದಿಯಲಿಚ್ಛಿಸುವವರು ಹದಿನೈದು ದಿನ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಕಳ್ಳತನವು ಕಚೇರಿಯ ವೇಳೆಯಲ್ಲಿ, ಗುಮಾಸ್ತರ ಸಮಕ್ಷಮ ನಡೆಯತಕ್ಕದ್ದು. ಸದರಿ ವೇಳೆಯಲ್ಲಿ ಗಿಡದ ಮಾಲೀಕರು ಬೇರೆ ಕಡೆ ನೋಡುತ್ತಿರತಕ್ಕದ್ದು." ಮಾಲೀಕರು ಒಪ್ಪಿಗೆ ಕೊಡುವಂತಿರಲಿಲ್ಲ, ಕೊಟ್ಟರೆ ಕಡ್ಡಿ ಹತ್ತುವುದಿಲ್ಲ. ಬೇಡವೆನ್ನುವಂತೆಯೂ ಇರಲಿಲ್ಲ, ಅಂದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ.

ಕ್ಯಾಸೆಟ್ಟಿನಲ್ಲಿ ಹೆಸರು ಬಂದಿದ್ದ ಗಿಡ ಒಂದೇ ಆದ್ದರಿಂದ ದುದ್ದ, ಹಳೇಕೋಟೆ, ಚನ್ನರಾಯಪಟ್ಟಣದ ಅರ್ಜಿಗಳೆಲ್ಲ ಕಾಮಾಕ್ಷಮ್ಮನವರ ಹಿತ್ತಿಲಿಗೇ ಬಂದವು. ಆಕೆ ವಾರಕ್ಕೆ ಮೂರು ದಿನ ಹನ್ನೊಂದರಿಂದ ಒಂದು ಗಂಟೆಯವರೆಗೆ ಬಚ್ಚಲಮನೆಯ ಗೋಡೆ ನೋಡುತ್ತ ನಿಂತರು. ಹಿಂದಿನಿಂದ ಕಡ್ಡಿ ಮುರಿಯುವ ಸದ್ದು ಕೇಳಿದಾಗಲೆಲ್ಲ ಅದು ಎಷ್ಟನೆಯದೆಂದು ಎಣಿಸಿಕೊಳ್ಳುತ್ತಿದ್ದರು. ಕಟ್ಟಾಯದಿಂದ ಬಂದಿದ್ದ ರೈತ ಚನ್ನಬಸವಯ್ಯ ಬಿಸಿಲಲ್ಲಿ ಸರದಿ ನಿಂತಿದ್ದು ನೋಡಲಾರದೆ ಆಕೆ ಒಂದು ದಿನ ಮಜ್ಜಿಗೆ ಕೊಟ್ಟರು. ಕಳ್ಳನಿಗೆ ಉಪಚಾರ ಮಾಡಿದರೆ ಒಪ್ಪಿಗೆ ಕೊಟ್ಟಂತೆ ಎಂದು ರವೀಂದ್ರ ಆ ಕಳ್ಳತನವನ್ನು ರದ್ದು ಮಾಡಿದ. ಚನ್ನಬಸವಯ್ಯ ಹದಿನೈದು ದಿನ ಬಿಟ್ಟು ಮತ್ತೆ ಬಂದು, "ಅವ್ವಾ, ಈ ಸಲ ನೀರೂ ಕೊಡ್ಬ್ಯಾಡಿ. ಅಂಗೇ ಆ ಕಡೀಕೆ ತಿರುಕ್ಕಳಿ, ಕದ್ಕೊಂಡ್ ಓಯ್ತೀನಿ" ಎಂದು ಕೈ ಮುಗಿದ.

ವರ್ಷ ಕಳೆದು ಗಿಡ ಬೋಳಾಗತೊಡಗಿದಾಗ ಕಾಮಾಕ್ಷಮ್ಮ ಹಾಸನಕ್ಕೆ ದೂರು ಬರೆದರು. ಇದು ಶ್ರವಣ ಸಮಿತಿಯಾದ್ದರಿಂದ ಓದುವ ಅಧಿಕಾರ ತಮಗಿಲ್ಲ, ದೂರನ್ನು ಕ್ಯಾಸೆಟ್ಟಿನಲ್ಲಿ ಕಳಿಸಿ ಎಂದು ಸಂಪತ್ಕುಮಾರ ಉತ್ತರಿಸಿದರು. ಆಕೆ ಹಾಗೇ ಕಳಿಸಿದರು. ಅರ್ಧ ಗಂಟೆಯ ಆ ಕ್ಯಾಸೆಟ್ಟಿನಲ್ಲಿ ಹೆಚ್ಚು ಭಾಗ ಅಳುವೇ ಇದ್ದು, ತೋಟಗಾರಿಕೆಯ ಮಾಹಿತಿ ಸಾಲದೆಂದು ಅದು ಕೇಳಲು ಯೋಗ್ಯವಲ್ಲವೆಂದು ತೀರ್ಮಾನವಾಯಿತು. ತೀರ್ಮಾನದ ಪತ್ರ ಬಂದ ವಾರವೇ ಗಿಡ ಬುಡಸಮೇತ ಒಣಗಿತು. ಆಕೆ ಎರಡು ದಿನ ಒಲೆ ಹಚ್ಚಲಿಲ್ಲ.

ಮೂರನೆಯ ದಿನ ಎದ್ದು ತಾವೇ ಮೂರು ಪ್ರತಿಗಳಲ್ಲಿ ಅರ್ಜಿ ಹಾಕಿದರು. ನಿಗದಿಯಾದ ದಿನ ರವೀಂದ್ರನ ಜೊತೆ ಬಸ್ಸಿನಲ್ಲಿ ಕಟ್ಟಾಯಕ್ಕೆ ಹೋದರು. ಚನ್ನಬಸವಯ್ಯ ನಿಯಮದಂತೆ ಕೊಟ್ಟಿಗೆಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಗಿಡ ಸೊಂಟದೆತ್ತರ ಬೆಳೆದಿತ್ತು. ಹೂವಿನ ವಾಸನೆಯೂ ಅದೇ. ಆಕೆ ಗೇಣುದ್ದದ ಒಂದು ಕಡ್ಡಿ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡರು.

ರವೀಂದ್ರ ನಮೂನೆ ಮುಂದಿಟ್ಟು, ಕೊನೆಯ ಕಾಲಂ ಬಾಕಿ ಇದೆ ಎಂದ. ಸದರಿ ಗಿಡದೊಂದಿಗೆ ಅರ್ಜಿದಾರರಿಗೆ ಈ ಹಿಂದೆ ಯಾವುದೇ ಸಂಬಂಧ ಇತ್ತೇ ಎಂದು ಅದರಲ್ಲಿ ಕೇಳಿತ್ತು.

"ಇತ್ತು ಅಂತ ಬರೆದ್ರೆ ಅದು ನಿಮ್ದೇ ಗಿಡ ಅಂತಾಗುತ್ತೆ ಮೇಡಂ" ಎಂದ ರವೀಂದ್ರ ತಗ್ಗಿದ ದನಿಯಲ್ಲಿ. "ನಿಮ್ದನ್ನ ನೀವೇ ಕದಿಯೋಕೆ ಬರೋಲ್ಲ. ಕಡ್ಡಿ ವಾಪಸ್ ಇಡಬೇಕಾಗುತ್ತೆ."

ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬೆತ್ತ ಹಿಡಿದು ಕಲಿಸಿದ್ದ ಕಾಮಾಕ್ಷಮ್ಮ ಕನ್ನಡಕ ಸರಿಮಾಡಿಕೊಂಡು, ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರದಲ್ಲಿ "ಇಲ್ಲ" ಎಂದು ಬರೆದು ಸಹಿ ಹಾಕಿದರು. ಅಕ್ಷರ ಇವತ್ತಿಗೂ ಎಷ್ಟು ಚೆನ್ನಾಗಿದೆ ಮೇಡಂ ಎಂದು ರವೀಂದ್ರ ಮನಸಾರೆ ಮೆಚ್ಚಿ ಮೊಹರು ಒತ್ತಿದ.