ನಿಂಬೆ ಬೆಳೆದ ಟ್ರ್ಯಾಕ್ಟರು

ಟ್ರ್ಯಾಕ್ಟರು ಚಲಿಸತಕ್ಕದ್ದು ಎಂದು ಐರ್ಲೆಂಡಿನ ಸಿಟಿವೆಸ್ಟ್ ಕನ್ನಡ ಕೂಟದ ನಿಯಮಾವಳಿಯಲ್ಲಿ ಎಲ್ಲಿಯೂ ಹೇಳಿಲ್ಲ. ಕೂಟದ ತೋಟಗಾರಿಕಾ ಉಪಸಮಿತಿಯ ಕಾರ್ಯದರ್ಶಿಯಾಗಿ ಆ ನಿಯಮಾವಳಿಯನ್ನು ಬರೆದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ಆದರೂ ಕ್ಯಾಸಲ್‌ನಾಕ್ ಕಡೆಯ ಕೆಲವರು, ಕೆಲಸವಿಲ್ಲದವರು, ನಮ್ಮ ಟ್ರ್ಯಾಕ್ಟರು ಏಪ್ರಿಲ್‌ನಿಂದ ನಿಂತಲ್ಲೇ ನಿಂತಿದೆ ಎಂದು ವಾಟ್ಸಾಪಿನಲ್ಲಿ ಹಲ್ಲು ಕಿಸಿಯುತ್ತಿರುವುದು ಗಮನಕ್ಕೆ ಬಂದಿದೆ. ಅವರ ತಿಳಿವಳಿಕೆಗಾಗಿ ಈ ವರದಿ.

ಮೊದಲು ಜಮೀನಿನ ವಿಷಯ. ನಮ್ಮ ಬಡಾವಣೆಯ ಹಿಂದೆ ತೋಟಗಾರರ ಸಂಘವೊಂದಿದೆ. ಅರ್ಜಿ ಹಾಕಿ ಕಾದವರಿಗೆ ಅವರು ಒಂದು ತುಂಡು ನೆಲ ಕೊಡುತ್ತಾರೆ. ನಮ್ಮ ಚಾಮರಾಜರು ನಾಲ್ಕು ವರ್ಷದಿಂದ ಕಾದಿದ್ದರು. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಮೈಸೂರಿನವರು, ಮಾತು ಕಡಿಮೆ. ನೆಲದ ಆಸೆ ಅವರಿಗಿಂತ ಅವರ ಹೆಂಡತಿ ಗೀತಾ ಅವರಿಗೆ ಜಾಸ್ತಿ. "ಅಂಗಡೀಲಿ ಸಿಗೋ ಮೆಂತ್ಯದ ಸೊಪ್ಪಿಗೆ ನನಗಿಂತ ಜಾಸ್ತಿ ಜೆಟ್ ಲ್ಯಾಗ್ ಆಗಿರುತ್ತೆ. ಒಂದ್ ಸಲ, ಒಂದೇ ಸಲ, ಬೇರಿಗೆ ಮಣ್ಣು ಮೆತ್ತಿಕೊಂಡಿರೋ ಸೊಪ್ಪು ಕಿತ್ತು ಸಾರು ಮಾಡ್ಬೇಕು" ಎನ್ನುತ್ತಿದ್ದರು. ಬಿತ್ತನೆಗೆ ಮೆಂತ್ಯವನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೆ 'ಅಡುಗೆಗಲ್ಲ' ಎಂದು ಚೀಟಿ ಅಂಟಿಸಿಟ್ಟಿದ್ದರು.

ಒಬ್ಬರ ಹೆಸರಿಗೆ ನೆಲ ಸಿಗುವುದು ತಡ, ಸಂಸ್ಥೆಯ ಹೆಸರಿಗಾದರೆ ಬೇಗ ಎಂದು ಕಂಡುಹಿಡಿದವರು ನಮ್ಮ ಉಲ್ಲಾಸ್. ಇವರು ಒಂದು ಕಂಪನಿಯಲ್ಲಿ ರಿಲೀಸ್ ಮ್ಯಾನೇಜರ್, ಅಂದರೆ ಸಾಫ್ಟ್‌ವೇರ್ ಬಿಡುಗಡೆಗೆ ದಿನ ಗೊತ್ತುಮಾಡುವವರು. ಮನೆಯಲ್ಲಿ ಹಾಲು ಖಾಲಿಯಾದರೂ ಕಂಪ್ಯೂಟರಿನಲ್ಲಿ ದೂರು ದಾಖಲಿಸಿ ಟಿಕೆಟ್ ಹಾಕುವವರು. ಚಾಮರಾಜರು ತಮ್ಮ ಅರ್ಜಿಯನ್ನು ಕೂಟದ ಹೆಸರಿಗೆ ಬಿಟ್ಟುಕೊಟ್ಟರು. ಮಾರ್ಚಿನಲ್ಲಿ ಎರಡು ಗುಂಟೆ ಕೈಗೆ ಬಂತು. ಷರತ್ತು ಒಂದೇ: ಏಪ್ರಿಲ್ ಮೂವತ್ತರೊಳಗೆ ಅರ್ಧ ನೆಲವಾದರೂ ಅಗೆದಿರಬೇಕು, ಇಲ್ಲವೇ ಅದರಲ್ಲಿ ಬೆಳೆ ಇರಬೇಕು. ತಪ್ಪಿದರೆ ನೆಲ ವಾಪಸ್, ಚಾಮರಾಜರ ನಾಲ್ಕು ವರ್ಷ ನೀರುಪಾಲು.

ಉಪಸಮಿತಿಯ ಏಳು ಜನರಲ್ಲಿ ಯಾರೂ ಗುದ್ದಲಿ ಹಿಡಿದವರಲ್ಲ. ಚಾಮರಾಜರಿಗೆ ಬೆನ್ನಿನ ಡಿಸ್ಕ್ ಜಾರಿದೆ, ಅಗೆಯಕೂಡದು ಎಂದು ಡಾಕ್ಟರು ಹೇಳಿದ್ದಾರೆ. ನಮಗೂ ಬೆನ್ನಿದೆ, ಆದರೆ ಅದು ಕುರ್ಚಿಗೆ ಒರಗಲು ಮೀಸಲು.

ಆಗ ಚಾಮರಾಜರು ಯಾರಿಗೂ ಹೇಳದೆ ಒಂದು ಅಕ್ರಮ ಎಸಗಿದರು. ತಾವೇ ಒಂದು ಟ್ರ್ಯಾಕ್ಟರು ಕಟ್ಟಿಬಿಟ್ಟರು! ವಾಟರ್‌ಫರ್ಡ್ ಹತ್ತಿರದ ಒಬ್ಬ ರೈತನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಮೋಟಾರ್ ಸೈಕಲ್ಲಿನ ಎಂಜಿನ್ ತಂದರು. ಎಂಜಿನ್ ಸತ್ತಿದ್ದ, ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯೊಂದರ ಮೇಲೆ ಅದನ್ನು ಕೂರಿಸಿ, ಅದರ ಗೇರಿನಿಂದ ಗಾಡಿಯ ಗೇರಿಗೆ ಒಂದು ಚೇನ್ ಎಳೆದರು. ಬೈಕಿನ ಎಂಜಿನ್ ತಣ್ಣಗಾಗುವುದು ಗಾಳಿಗೆ; ಟ್ರ್ಯಾಕ್ಟರು ಆಮೆ ನಡಿಗೆಯದು, ಗಾಳಿ ಎಲ್ಲಿಂದ ಬರಬೇಕು? ಅದಕ್ಕೊಂದು ಫ್ಯಾನ್ ಜೋಡಿಸಿದರು. ಹಿಂದೆ ಪುಟ್ಟ ನೇಗಿಲು. ಒಂದು ಶನಿವಾರ ಮನೆಯ ಹಿತ್ತಲಲ್ಲಿ ಓಡಿಸಿದಾಗ ಅದು ಬೇಲಿಯವರೆಗೂ ನೇರವಾಗಿ ಸಾಲು ಹೊಡೆಯಿತಂತೆ. ಗೀತಾ ಅವರು ಆ ಮಣ್ಣನ್ನು ಮೂಸಿ ನೋಡಿ ಅತ್ತರಂತೆ. ಯಾವ ಅನುಮತಿಯೂ ಇಲ್ಲದೆ ಇಷ್ಟೆಲ್ಲ ನಡೆದಿದೆ ಎಂಬುದನ್ನು ಓದುಗರು ಗಮನಿಸಬೇಕು.

ಪುಣ್ಯಕ್ಕೆ ಉಪಸಮಿತಿ ಸಕಾಲದಲ್ಲಿ ಎಚ್ಚೆತ್ತಿತು. ಕೂಟದ ನೆಲಕ್ಕೆ ಇಳಿಯುವ ಯಂತ್ರ ಕೂಟದ್ದೇ ಎಂದು ನಿಯಮ ಹದಿನಾಲ್ಕನ್ನು ಅಂದೇ ರಚಿಸಿ, ಹಿಂದಿನ ತಿಂಗಳಿನಿಂದ ಜಾರಿಗೆ ತಂದೆವು. ಟ್ರ್ಯಾಕ್ಟರಿನ ಒಂದೊಂದು ಬೋಲ್ಟಿಗೂ ಉಲ್ಲಾಸ್ ಒಂದೊಂದು ಟಿಕೆಟ್ ತೆರೆದರು. ದಿನಾ ಬೆಳಗ್ಗೆ ಒಂಬತ್ತಕ್ಕೆ ವಿಡಿಯೊ ಕರೆಯಲ್ಲಿ ಎಲ್ಲರೂ ಸೇರಿ, ನಿನ್ನೆ ಏನು ಮಾಡಿದಿರಿ ಎಂದು ಚಾಮರಾಜರನ್ನು ಕೇಳತೊಡಗಿದೆವು. ಉದ್ಘಾಟನೆಯನ್ನು ಏಪ್ರಿಲ್ ಮೂವತ್ತಕ್ಕೇ ಗೊತ್ತುಮಾಡಿ ಹದಿನೈದನೇ ತಾರೀಖು ಹೊರಡಿಸಿದ ಪ್ರಕಟಣೆ ಹೀಗಿತ್ತು: "ಉದ್ಘಾಟನೆಗೆ ಹದಿನೈದು ದಿನ ಉಳಿದಿರುವುದರಿಂದ ಇಂದು ಸಂಜೆ ಐದರಿಂದ ಟ್ರ್ಯಾಕ್ಟರನ್ನು ಫ್ರೀಜ್ ಮಾಡಲಾಗಿದೆ. ಇನ್ನು ಮುಂದೆ ಅದರಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ." ನಮ್ಮ ಸಾಫ್ಟ್‌ವೇರ್ ಉದ್ಯೋಗದಲ್ಲಿ ಇದು ಸರ್ವಮಾನ್ಯ ಪದ್ಧತಿ. ಬಿಡುಗಡೆಗೆ ಮುಂಚೆ ಯಾರೂ ಏನೂ ಮುಟ್ಟಬಾರದು.

ಸಂಜೆ ಐದು ಗಂಟೆಗೆ ಚಾಮರಾಜರು ಚೇನ್ ಬಿಚ್ಚಿ ಎಣ್ಣೆ ಹಾಕುತ್ತಿದ್ದರು.

ಐದೂ ಹತ್ತಕ್ಕೆ ಉಲ್ಲಾಸ್‌ಗೆ ಫೋನ್ ಮಾಡಿದರು. "ಸಾರ್, ಚೇನ್ ಕೈಯಲ್ಲೇ ಐತೆ. ಹಾಕ್ಬಿಡ್ತೀನಿ, ಎರಡು ನಿಮಿಷದ ಕೆಲಸ."

"ಅದು ಬದಲಾವಣೆ ಆಗುತ್ತೆ" ಎಂದರು ಉಲ್ಲಾಸ್. "ಹಾಕಿದ್ರೆ ಏನೇನು ಅಪಾಯ ಆಗಬಹುದು, ಹೇಳಿ."

"ಏನೂ ಆಗಲ್ಲ ಸಾರ್. ಗಾಡಿ ಚಲಿಸುತ್ತೆ ಅಷ್ಟೇ."

"ನೋಡಿದ್ರಾ? ಈಗ ಚಲಿಸ್ತಾ ಇಲ್ಲ. ಅಂದ್ರೆ ದೊಡ್ಡ ಬದಲಾವಣೆ."

ತುರ್ತು ಅನುಮತಿಗೆ ಅಧ್ಯಕ್ಷರಾದ ವೆಂಕಟೇಶಮೂರ್ತಿಗಳ ಸಹಿ ಬೇಕಿತ್ತು. ಹಿರಿಯರಾದ ಅವರು ಅಣ್ಣನ ಮೊಮ್ಮಗನ ಉಪನಯನಕ್ಕೆಂದು ಮೈಸೂರಿಗೆ ಹೋಗಿದ್ದರು. ಉದ್ಘಾಟನೆಯ ದಿನ ಬೆಳಗ್ಗೆ ವಿಮಾನದಿಂದಿಳಿದು ನೇರ ತೋಟಕ್ಕೇ ಬಂದರು, ಮೈಸೂರು ಪೇಟ ತಲೆಯ ಮೇಲೇ ಇತ್ತು. ಸಹಿ ಕೇಳಿದ್ದಕ್ಕೆ, ಕಡತ ಓದದೆ ಸಹಿ ಹಾಕುವವನು ನಾನಲ್ಲ ಎಂದರು. ಓದಲು ಕನ್ನಡಕ ಸೂಟ್‌ಕೇಸಿನಲ್ಲಿತ್ತು. ಸೂಟ್‌ಕೇಸ್ ದುಬೈನಲ್ಲಿತ್ತು.

ವ್ಯಾನಿನಲ್ಲಿ ತಂದ ಟ್ರ್ಯಾಕ್ಟರನ್ನು ಆರು ಜನ ಉಸ್ಸಪ್ಪಾ ಎಂದು ತಳ್ಳಿ ನೆಲದ ನಡುವೆ ನಿಲ್ಲಿಸಿದೆವು. ಹೊಸ ಗಾಡಿ ಎಂದಮೇಲೆ ಪೂಜೆ ಆಗಲೇಬೇಕು. ಅರಿಶಿನ, ಕುಂಕುಮ, ಹೂವಿನ ಹಾರ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಗಾಡಿ ಮುಂದೆ ಹೋಗಿ ಅವುಗಳನ್ನು ಜಜ್ಜಬೇಕು, ದೃಷ್ಟಿ ತೆಗೆದಂತಾಗುತ್ತದೆ. ಮೂರ್ತಿಗಳು ಸೀಟಿನಲ್ಲಿ ಕೂತರು. ಚಾಮರಾಜರು ಕಿಕ್ ಹೊಡೆದರು. ಎಂಜಿನ್ ಧಡ ಧಡ ಎಂದಿತು ನೋಡಿ, ಪಕ್ಕದ ತೋಟದ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು! ಮೂರ್ತಿಗಳು ಹತ್ತು ನಿಮಿಷ ಭಕ್ತಿಯಿಂದ ಸ್ಟಿಯರಿಂಗ್ ತಿರುಗಿಸಿ, ಇಳಿದು ಬಂದು, "ತುಂಬಾ ಸ್ಮೂತ್ ಇದೆ. ಒಂಚೂರೂ ಎತ್ತಿಹಾಕಲ್ಲ" ಎಂದು ಮೆಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಾಮರಾಜರು ಚೇನನ್ನು ಜಾಕೆಟ್ಟಿನ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದರು.

ಮೂರು ಗಂಟೆಗೆ ತೋಟಗಾರರ ಸಂಘದಿಂದ ಓರ್ಲಾ ಎಂಬುವವರು ತಪಾಸಣೆಗೆ ಬಂದರು. ಕೈಯಲ್ಲಿ ಫಾರಂ, ಕಾಲಲ್ಲಿ ಗಮ್‌ಬೂಟು. ನೆಲ ಅಗೆದಿದ್ದೀರಾ ಎಂದು ಕೇಳಿದರು. ಇಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಓರ್ಲಾ ಪೆನ್ನು ತೆಗೆದರು. ಅಷ್ಟರಲ್ಲಿ ಚಕ್ರದ ಬಳಿ ಬಗ್ಗಿದರು.

"ನಿಂಬೆಹಣ್ಣಾ ಇವು? ಬಯಲಲ್ಲಿ? ಏಪ್ರಿಲ್‌ನಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೌದು" ಎಂದರು ಉಲ್ಲಾಸ್.

"ಅಯ್ಯೋ, ಅದು ಪೂಜೆಗೆ..." ಎಂದು ಗೀತಾ ಅವರು ಬಾಯಿ ತೆರೆದರು. ನೆಲ ಹೋಗುತ್ತದೆ ಎಂದು ನಾನು ಕನ್ನಡದಲ್ಲಿ ಪಿಸುಗುಟ್ಟಿದ ಮೇಲೆ ಮುಚ್ಚಿದರು.

ಬೆಳೆ ಅರ್ಧ ನೆಲದಲ್ಲಿ ಇರಬೇಕಲ್ಲ ಎಂದು ಓರ್ಲಾ ನೆನಪಿಸಿದರು. ಉಲ್ಲಾಸ್ ಫೋನ್ ತೆಗೆದು, ನಿಂಬೆ ಗಿಡ ಒಂದಕ್ಕೆ ಹದಿನೆಂಟು ಅಡಿ ಉದ್ದ, ಹದಿನೆಂಟು ಅಡಿ ಅಗಲ ನೆಲ ಬೇಕೆಂದು ತೋರಿಸಿದರು. ನಾಲ್ಕಕ್ಕೆ ಗುಣಿಸಿದರೆ ಒಂದು ಗುಂಟೆಗಿಂತ ಮಿಗಿಲೇ ಆಯಿತು. ಗಿಡ ಎಲ್ಲಿ ಎಂಬ ಕಾಲಂ ಫಾರಂನಲ್ಲಿ ಇರಲಿಲ್ಲ. ಇಲ್ಲಿಯವರು 'ಸರಿ' ಎನ್ನಲು ಬಳಸುವ "ಗ್ರ್ಯಾಂಡ್" ಎಂಬ ಮಾತನ್ನೇ ಬರೆದುಕೊಂಡ ಓರ್ಲಾ, ಪ್ರತಿ ತಿಂಗಳು ಬಂದು ಬೆಳೆ ನೋಡಿ ಹೋಗುವುದಾಗಿ ಹೇಳಿದರು. ನೆಲ ಉಳಿಯಿತು. ಗೀತಾ ಅವರು ಸಂತೋಷದಿಂದ ನನ್ನ ಕೈಯನ್ನೇ ಕುಲುಕಿಬಿಟ್ಟರು.

ಮಾರನೆಯ ದಿನ ಫ್ರೀಜ್ ಮುಗಿಯಿತು. ಚಾಮರಾಜರು ಚೇನ್ ಹಿಡಿದು ಬಂದರು, ಹಿಂದೆ ಗೀತಾ ಅವರು ಮೆಂತ್ಯದ ಡಬ್ಬಿ ಹಿಡಿದು.

"ಈಗ ಹಾಕ್ಬಹುದಲ್ಲ ಸಾರ್?"

ಹಾಕಬಹುದಿತ್ತು. ಆದರೆ ಹಾಕಿದರೆ ಗಾಡಿ ಚಲಿಸುತ್ತದೆ, ಚಲಿಸಿದರೆ ನಿಂಬೆ ಜಜ್ಜಿಹೋಗುತ್ತದೆ. ನಿಂಬೆ ಈಗ ದಾಖಲಾದ ಬೆಳೆ. ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರು ಹತ್ತಿಸುವುದನ್ನು ಯಾವ ಉಪಸಮಿತಿ ತಾನೇ ಒಪ್ಪೀತು?

"ಹಾಗಾದ್ರೆ ಆ ಕಡೆ ಮೂಲೇಲಾದ್ರೂ ಗುದ್ದಲೀಲಿ ಕೆರೆದು ನಾಲ್ಕು ಕಾಳು ಹಾಕ್ತೀನಿ" ಎಂದರು ಗೀತಾ ಅವರು.

"ಹದಿನೆಂಟು ಅಡಿ, ಮೇಡಂ. ಬೇರು ಹರಡೋಕೆ ಜಾಗ ಬಿಡಬೇಕು" ಎಂದರು ಉಲ್ಲಾಸ್.

"ಯಾವ ಬೇರ್ರೀ? ನಾನೇ ಸೂಪರ್‌ಮಾರ್ಕೆಟ್ಟಿಂದ ತಂದ ಹಣ್ಣು ಕಣ್ರೀ ಅವು! ಇಷ್ಟು ಜನ ಓದಿದೋರು ಸೇರಿ ಒಂದು ಹಿಡಿ ಮೆಂತ್ಯ ಹಾಕೋಕೆ ಬಿಡ್ತಾ ಇಲ್ವಲ್ಲ, ನಾಚಿಕೆ ಆಗಲ್ವಾ ನಿಮಗೆ?"

ನಾಚಿಕೆ ಕಾರ್ಯಸೂಚಿಯಲ್ಲಿ ಇರಲಿಲ್ಲ. ಆಕ್ಷೇಪಣೆಯನ್ನು ನಾನು ನಡಾವಳಿಯಲ್ಲಿ ದಾಖಲಿಸಿದೆ. ಅವರು ಡಬ್ಬಿ ಎದೆಗವಚಿಕೊಂಡು ಹೋದರು.

ಬಯಲಲ್ಲಿಟ್ಟ ನಿಂಬೆ ಐರಿಷ್ ಮಳೆಗೆ ಹತ್ತೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಪ್ರತಿ ಶನಿವಾರ ಹಳೆಯದು ತೆಗೆದು ಹೊಸದು ಇಡಲು ಪಾಳಿ ಮಾಡಿದೆವು. ಅಂಗಡಿಯ ಸ್ಟಿಕರ್ ಕಿತ್ತೇ ಇಡತಕ್ಕದ್ದು, ನಿಯಮ ಹದಿನೇಳು. ಚಾಮರಾಜರು ಮೊದಮೊದಲು ಪಾಳಿಗೆ ಬರುವಾಗ ಚೇನ್ ತರುತ್ತಿದ್ದರು. ಜುಲೈ ಹೊತ್ತಿಗೆ ಬರೀ ನಿಂಬೆ ತರತೊಡಗಿದರು. ಓರ್ಲಾ ತಿಂಗಳಿಗೊಮ್ಮೆ ಬಂದು, ಈ ಹಣ್ಣು ದಪ್ಪವೂ ಆಗಲ್ಲ, ಉದುರೋದೂ ಇಲ್ಲ, ಎಂಥಾ ತಳಿ ಎಂದು ಬೆರಗಾಗುತ್ತಿದ್ದರು. ಸೆಪ್ಟೆಂಬರಿನಲ್ಲಿ ತೋಟಗಾರರ ಸಂಘ ನಮಗೆ ಮೊದಲ ಬಹುಮಾನ ಕೊಟ್ಟಿತು. ಬಹುಮಾನ ಬಂದಮೇಲೆ ಬೆಳೆಗಾರರು ಯಾರಾದರೂ ಬೇಕಲ್ಲ? ಚಾಮರಾಜರಿಗೆ ಶಾಲು ಹೊದಿಸಿ, ಮೂರ್ತಿಗಳು ತಮ್ಮ ಪೇಟವನ್ನೇ ತೊಡಿಸಿ, ಹೊಸದಾಗಿ ರಚಿಸಿದ ಬದಲಾವಣೆ ಮಂಜೂರಾತಿ ಮಂಡಳಿಯ ಅಧ್ಯಕ್ಷರನ್ನಾಗಿ ಅವಿರೋಧವಾಗಿ ಆರಿಸಿದೆವು.

ಅವರ ಮುಂದೆ ಬಂದ ಮೊದಲ ಕಡತ ಅವರದೇ ಚೇನಿನದು. ಗೀತಾ ಅವರು ಕೊನೆಯ ಸಾಲಿನಲ್ಲಿ ಕೂತು ನೋಡುತ್ತಿದ್ದರು. ಚಾಮರಾಜರು ಕಡತವನ್ನು ಎರಡು ಸಲ ಓದಿ, ಪೇಟ ಸರಿಮಾಡಿಕೊಂಡು ಹೇಳಿದರು:

"ಐದು ತಿಂಗಳಿಂದ ಒಂದೂ ತೊಂದರೆ ಕೊಡದೆ ನಿಂತಿರೋ ಗಾಡಿ. ಈಗ ಯಾಕೆ ಮುಟ್ಟೋದು?"

ಕಡತ ಮುಚ್ಚಲಾಯಿತು. ಉಲ್ಲಾಸ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೀತಾ ಅವರು ಹೋಗುವಾಗ, ಈ ವಾರ ತೆಗೆದ ಹಳೇ ನಿಂಬೆ ನಾನು ಒಯ್ಯಲಾ ಎಂದಷ್ಟೇ ಕೇಳಿದರು. ಒಯ್ಯಿರಿ ಎಂದೆವು.

ರಾಜ್ಯೋತ್ಸವದ ಊಟಕ್ಕೆ ಗೀತಾ ಅವರು ಒಂದು ಭರಣಿ ನಿಂಬೆಕಾಯಿ ಉಪ್ಪಿನಕಾಯಿ ತಂದರು. ಡಬ್ಬಿಯ ಚೀಟಿ ಕಿತ್ತು, ಬಿತ್ತನೆಯ ಮೆಂತ್ಯವನ್ನೆಲ್ಲ ಹುರಿದು ಪುಡಿ ಮಾಡಿ ಅದಕ್ಕೇ ಹಾಕಿದ್ದರು. ಭರಣಿಯ ಮೇಲೆ 'ನಮ್ಮ ತೋಟದ್ದು' ಎಂದು ಅವರದೇ ಅಕ್ಷರದಲ್ಲಿ ಬರೆದಿತ್ತು. ಎಲ್ಲರೂ ಚಪ್ಪರಿಸಿದೆವು. ಮೊಸರನ್ನಕ್ಕೆ ಮೂರನೇ ಸಲ ಬಡಿಸಿಕೊಂಡ ಚಾಮರಾಜರು ಬೆರಳು ನೆಕ್ಕುತ್ತಾ ನನ್ನ ಕಡೆ ತಿರುಗಿದರು.

"ಏನೇ ಹೇಳಿ ಸಾರ್, ಅಂಗಡಿ ನಿಂಬೆಗೆ ಈ ರುಚಿ ಬರಲ್ಲ."

"ಬರಲ್ಲ" ಎಂದು ಗೀತಾ ಅವರು ಅವರ ಎಲೆಗೆ ಇನ್ನೊಂದು ಹೋಳು ಬಡಿಸಿದರು.