ಅವಳ ಕಾರಿಗೆ ಆಯಿಲ್ ಕೂಲರ್ ಬೇಕೇ?

ಕಾರಿಟ್ಟವನಿಗೆ ಸಲಹೆ ಪುಕ್ಕಟೆ. ಅದರಲ್ಲೂ ಟರ್ಬೊ ಕಾರಿಟ್ಟು, ಮುಖದಲ್ಲಿ ಸ್ವಲ್ಪ ಭಯವನ್ನೂ ಇಟ್ಟುಕೊಂಡವನಿಗೆ ಮಂಡ್ಯದಲ್ಲಿ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಕಾರು ನನ್ನ ಹೆಂಡತಿಯದು. ವೇಗದ್ದೇ ಬೇಕೆಂದು ಹುಡುಕಿ ಕೊಂಡಿದ್ದಳು. ಹೋದ ವರ್ಷ ಅವಳು ತೀರಿಕೊಂಡ ಮೇಲೆ ನನ್ನ ಕೈಗೆ ಬಂತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಗುತ್ತಲು ಬಡಾವಣೆಯ ಮನೆಯಿಂದ ಶಾಲೆಗೆ ಮೂರು ಕಿಲೋಮೀಟರು, ಗಂಟೆಗೆ ಮೂವತ್ತರ ವೇಗ. ಟರ್ಬೊ ಎನ್ನುವುದು ಎಂಜಿನ್ನಿನ ಹೊಗೆಯ ಒತ್ತಡದಿಂದ ತಿರುಗುವ ಚಕ್ರ, ಅದು ಕೆಂಪಗೆ ಕಾಯುತ್ತದೆ, ಎಂಜಿನ್ ಎಣ್ಣೆಯೇ ಅದನ್ನು ತಣಿಸಬೇಕು ಎಂದು ಎಲ್ಲೋ ಓದಿದೆ. ಅಂದಿನಿಂದ ನೆಮ್ಮದಿ ಹೋಯಿತು. ಎಣ್ಣೆ ಕಾದು ಎಂಜಿನ್ ಸುಟ್ಟುಹೋದರೆ? ಅವಳದೆಂದು ಉಳಿದು, ಇನ್ನೂ ಸದ್ದು ಮಾಡುತ್ತಿರುವುದು ಅದೊಂದೇ. ಎಣ್ಣೆಯನ್ನು ತಣಿಸುವ ಪುಟ್ಟ ರೇಡಿಯೇಟರು ಬರುತ್ತದೆ, ಆಯಿಲ್ ಕೂಲರ್ ಎನ್ನುತ್ತಾರೆ. ಅದನ್ನು ಹಾಕಿಸಬೇಕೇ ಬೇಡವೇ ಎಂದು ಕಂಡವರನ್ನೆಲ್ಲ ಕೇಳತೊಡಗಿದೆ. ತಪ್ಪಾಗಿದ್ದು ಅಲ್ಲೇ.

ಗೋಣಿಚೀಲ

ಗೇಟಿನ ಬಳಿ ನಿಂತು ಫೋನಿನಲ್ಲಿ ಸಹೋದ್ಯೋಗಿಯೊಬ್ಬರಿಗೆ "ಕಾರು ಬಿಸಿಯಾಗುತ್ತೆ ಅನ್ನೋದೇ ಚಿಂತೆ" ಎಂದಿದ್ದೆ. ಪಕ್ಕದ ಮನೆಯ ಅಜ್ಜಿಯ ಕಿವಿಗೆ ಬಿತ್ತು. ಭಾನುವಾರ ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಬಾನೆಟ್ಟಿನ ಮೇಲೆ ನೀರು ಸೋರುವ ಎರಡು ಗೋಣಿಚೀಲ.

"ಇದೇನಜ್ಜಿ?"

"ಬಿಸ್ಲಲ್ಲಿ ಗೇದ ಎತ್ತಿಗೆ ನಾವು ಇಂಗೇ ಆಕ್ತಿದ್ದುದು ಕಣಪ್ಪ. ಅದ್ಯಾವ್ದೋ ಕೂಲರ್ರು ಗೀಲರ್ರು ಯಾಕೆ? ಸುಮ್ಕಿರು."

ಕಾರು ನಿನ್ನೆಯಿಂದ ನಿಂತಲ್ಲೇ ಇದೆ, ಎಂಜಿನ್ ಕಾದೇ ಇಲ್ಲ ಎಂದು ವಿವರಿಸಿದೆ. ಅಜ್ಜಿ ಚೀಲದ ಕೆಳಗೆ ಅಂಗೈ ತೂರಿಸಿ ನೋಡಿದರು.

"ನೋಡ್ದಾ? ಆಗ್ಲೇ ಕಾವು ಇಳ್ದದೆ."

ಎರಡು ನಿಮಿಷ

ಜೋರಾಗಿ ಓಡಿಸಿ ಬಂದ ಟರ್ಬೊ ಎಂಜಿನ್ನನ್ನು ಥಟ್ಟನೆ ಆರಿಸಬಾರದಂತೆ. ಒಂದೆರಡು ನಿಮಿಷ ನಿಂತಲ್ಲೇ ಓಡಲು ಬಿಡಬೇಕು. ಜೋರಾಗಿ ಓಡಿಸದ ನಾನೂ ಗಡಿಯಾರ ನೋಡಿಕೊಂಡು ಎರಡು ನಿಮಿಷ ಕೂರುತ್ತೇನೆ. ಹೊಳಲಿನಲ್ಲಿ ಮಾವನ ಮನೆಯ ಮುಂದೆಯೂ ಕುಳಿತೆ. ಅವಳಿಲ್ಲದೆ ಒಬ್ಬನೇ ಹೋದದ್ದು ಅದೇ ಮೊದಲು.

ನಮ್ಮ ಕಡೆ ಅಳಿಯ ಬಾಗಿಲಿಗೆ ಬಂದೂ ಗಾಡಿಯಿಂದ ಇಳಿಯಲಿಲ್ಲವೆಂದರೆ ಮುನಿಸಿಕೊಂಡಿದ್ದಾನೆ ಎಂದೇ ಅರ್ಥ. ಅತ್ತೆ ಚೊಂಬು ಹಿಡಿದು ಬಂದರು. ಮಾವ ಬಂದರು.

"ಇಳೀರಿ ಅಳೀಮಯ್ಯ."

ಕಿಟಕಿಯ ಗಾಜು ಏರಿಸಿದ್ದೆ. ನಾನು ಮಣಿಕಟ್ಟಿನ ವಾಚು ತೋರಿಸಿ ಎರಡು ಬೆರಳೆತ್ತಿದೆ. ಮಾವ ವಾಚನ್ನೇ ನೋಡಿದರು. ಮುಖ ಸಣ್ಣದಾಯಿತು.

"ಗೊತ್ತಾಗೋಯ್ತು ಕಣಮ್ಮಿ," ಎಂದು ಅತ್ತೆಗೆ ಹೇಳಿ, ನಾನು ಗಾಜು ಇಳಿಸುತ್ತಲೇ ಬಗ್ಗಿದರು. "ನಿಜ ಅಳೀಮಯ್ಯ. ಮದ್ವೇಲಿ ಕೊಟ್ಟ ವಾಚು ಒಸಾದಲ್ಲ. ನಂದೇಯ. ಪಟ್ಟಿ ಮಾತ್ರ ಬದ್ಲಾಯ್ಸಿದ್ದೆ. ಅದ್ನ ಇಷ್ಟ್ ದಿನ ಮನಸ್ಸಲ್ಲಿ ಮಡಗಿದ್ರಾ?"

ಇಪ್ಪತ್ತೆರಡು ವರ್ಷ ಕಟ್ಟಿದ ವಾಚು. ನನಗೆ ಅನುಮಾನವೇ ಬಂದಿರಲಿಲ್ಲ. ಇನ್ನೂ ನಲವತ್ತು ಸೆಕೆಂಡು ಬಾಕಿಯಿತ್ತು. ಆದರೆ ಅತ್ತೆಯೂ ಬಾಯಿ ತೆರೆಯುವಂತೆ ಕಂಡಿತು. ಎಂಜಿನ್ ಆರಿಸಿ ಇಳಿದುಬಿಟ್ಟೆ.

ಮದ್ದೂರಿನ ತೀರ್ಪು

ಮದ್ದೂರಿನ ಮೆಕ್ಯಾನಿಕ್ ಬಾನೆಟ್ ತೆಗೆಯದೆಯೇ ಹೇಳಿದ. "ಟರ್ಬೊ ಅಂದ್ರೆ ಬೆಂಕಿ ಸಾ. ಕೂಲರ್ ಆಕ್ಸಲೇಬೇಕು."

"ಎಣ್ಣೆ ಎಷ್ಟು ಡಿಗ್ರಿ ದಾಟಿದರೆ ಬೇಕು?"

"ಡಿಗ್ರಿ ಯಾಕ್ ಸಾ? ಎಂಜಿನ್ ಮ್ಯಾಲೆ ಕೈ ಮಡಗಿ. ಸುಟ್ರೆ ಆಕ್ಸಿ."

"ಸುಡದಿದ್ದರೆ?"

"ಆಗ್ಲೂ ಆಕ್ಸಿ. ನಾಳೆ ಸುಡ್ತದೆ."

ಮಳವಳ್ಳಿಯಲ್ಲಿ

ಮಳವಳ್ಳಿಯಲ್ಲಿ ಅಳೆದು ನೋಡಿ ಹೇಳುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆಂದು ಕೇಳಿ ಹೊರಟೆ. ದಾರಿಯಲ್ಲಿ ಆರು ಕಡೆ ನಿಲ್ಲಿಸಿ, ಬಾನೆಟ್ ತೆರೆದು, ಕಾಲು ಕಾಲು ಗಂಟೆ ತಣಿಸಿದೆ. ಮೂರು ಗಂಟೆ ಹಿಡಿಯಿತು.

ಅವರು ಕಾರಿಗೆ ಒಂದು ಸಾಧನ ಸಿಕ್ಕಿಸಿ ಫೋನಿನಲ್ಲಿ ಅಂಕಿ ನೋಡಿದರು. ಎಣ್ಣೆ ಐವತ್ತೆರಡು ಡಿಗ್ರಿ. ಎಣ್ಣೆ ತುಂಬುವ ಮುಚ್ಚಳ ಬಿಚ್ಚಿ, ಒಳಗೆ ಅಂಟಿದ್ದ ಕೆನೆಯಂಥ ಬಿಳಿ ಲೋಳೆಯನ್ನು ಬೆರಳಲ್ಲಿ ತೆಗೆದು ನನಗೆ ತೋರಿಸಿದರು.

"ಇದು ಎಂಜಿನ್ನೊಳ್ಗೆ ಕಟ್ಕಳೋ ನೀರು ಮೇಷ್ಟ್ರೆ. ಎಣ್ಣೆ ಒಂದಿನಾನೂ ಸರ್‍ಯಾಗಿ ಕಾದಿಲ್ಲ, ಅದ್ಕೇ ಆವಿಯಾಗ್ದೆ ಒಳ್ಗೇ ಉಳ್ಕಂಡದೆ. ದಿನವಿಡೀ ರೇಸ್ ಓಡ್ಸೋರಿಗೆ ಬೇಕು ಕೂಲರ್ರು. ನೀವು ಇಂಗೇ ತಣ್ಣಗೆ ಮಡೀಕಂಡ್ರೆ ಈ ಎಂಜಿನ್ನು ಸಳಿಗೇ ಸಾಯ್ತದೆ."

ಇಷ್ಟು ದಿನ ಉಳಿಸುತ್ತಿದ್ದೇನೆಂದುಕೊಂಡು ಕೊಲ್ಲುತ್ತಿದ್ದೆ.

"ಬನ್ನಿ, ಮದ್ದೂರು ರಸ್ತೇಲಿ ಒಂದ್ ಸುತ್ತು ಓಗವಾ. ಎಂಬತ್ತರಲ್ಲಿ ಓಡ್ಸಿ. ಎಣ್ಣೆ ತೊಂಬತ್ತೈದು ಡಿಗ್ರಿ ಆಗ್ಲಿ," ಎಂದು ಪಕ್ಕದಲ್ಲಿ ಕುಳಿತರು.

ಅರವತ್ತು ಡಿಗ್ರಿ, ಎಪ್ಪತ್ತು. ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಿದಾಗ ಎಂಜಿನ್ ಸದ್ದು ಬದಲಾಯಿತು. ಅವಳು ಓಡಿಸುವಾಗ ಬರುತ್ತಿದ್ದ ಸದ್ದು. ವರ್ಷದ ಮೇಲೆ ಕೇಳುತ್ತಿದ್ದೆ. ಕಾಲು ತೆಗೆಯಲು ಮನಸ್ಸಾಗಲಿಲ್ಲ.

"ಮೇಷ್ಟ್ರೆ, ನೂರ್ ದಾಟ್ತು."

"ಡಿಗ್ರಿಯೇ?"

"ಸ್ಪೀಡು ಮೇಷ್ಟ್ರೆ. ಡಿಗ್ರಿ ಎಂಬತ್ತೆಂಟು. ಸಾಕು."

"ತೊಂಬತ್ತೈದು ಅಂದಿರಿ."

"ಎಂಬತ್ತೆಂಟೂ ಒಂದೇ, ತೊಂಬತ್ತೈದೂ ಒಂದೇ."

"ಏಳು ವ್ಯತ್ಯಾಸ ಇದೆ," ಎಂದೆ.

ತೊಂಬತ್ತೈದಾದ ಮೇಲೆಯೇ ನಿಲ್ಲಿಸಿದ್ದು. ಅವರು ಇಳಿದು, ಎದುರಿಗೆ ಬಂದ ಮಳವಳ್ಳಿ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡರು. ನೀರು ಸೇರಿದ ಎಣ್ಣೆ ಬದಲಿಸಬೇಕಿತ್ತಲ್ಲ, ನಾನು ಗ್ಯಾರೇಜಿಗೆ ಮೊದಲೇ ಹೋಗಿ ಕಾದೆ.

ಅರ್ಧ ಗಂಟೆಯ ನಂತರ ಬಂದರು. ಮುಚ್ಚಳ ತೆಗೆದು ಇಣುಕಿದರು. ಲೋಳೆ ಅರ್ಧಕ್ಕರ್ಧ ಹೋಗಿತ್ತು.

"ಹಾಗಾದರೆ ಕೂಲರ್?" ಎಂದು ಕೇಳಿದೆ.

ಅವರು ಒಂದು ಲೋಟ ನೀರು ಕುಡಿದು, ಇನ್ನೊಂದನ್ನು ನನ್ನ ಕೈಗಿಟ್ಟರು.

"ಕಾರ್ಗೆ ಬ್ಯಾಡ ಮೇಷ್ಟ್ರೆ. ನಿಮ್ಗೇ ಒಂದು ಆಕ್ಸಬೇಕು."