ಕೆಂಡಪ್ಪನೂ ಅಮ್ಮನ ಕಾಫಿ ಫಿಲ್ಟರೂ

ಶನಿವಾರ ನಾನು ಮಾಡಿದ ಕೆಲಸಗಳು ಇವು. ಬೆಳಿಗ್ಗೆ ಐದೂಕಾಲಿಗೆ ಎದ್ದು ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದೆ. ಹಾಲು ಕಾಯಿಸಿದೆ. ಹೆಂಡತಿ ಸುಮಿತ್ರಳ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಬಟ್ಟೆ ಒಣಹಾಕಿದೆ. ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಹಾಕಿದೆ. ಲಷ್ಕರ್ ಮೊಹಲ್ಲಾದ ಬೈಂಡಿಂಗ್ ಅಂಗಡಿಗೆ ಹೋಗಿ ಹನ್ನೊಂದು ಪುಸ್ತಕಗಳಿಗೆ ರಟ್ಟು ಅಂಟಿಸಿ ಬಂದೆ. ಸಂಜೆ ಐದಕ್ಕೆ ಫೋನಿನಲ್ಲಿ ಯುದ್ಧ ಮಾಡಿದೆ.

ಕೊನೆಯ ಕೆಲಸಕ್ಕೆ ಮೊದಲನೆಯದೇ ಕಾರಣ. ಆ ಹಿತ್ತಾಳೆ ಫಿಲ್ಟರ್ ನನ್ನ ಅಮ್ಮನದು. ಡಿಕಾಕ್ಷನ್ ಅದರಿಂದ ಇಳಿಯುವುದಿಲ್ಲ; ಮನಸ್ಸು ಬಂದಾಗ ಅದು ದಯಪಾಲಿಸುತ್ತದೆ. ಸುಮಿತ್ರ ಕೆಲಸ ಮಾಡುವ ಕಡಕೊಳದ ಕಾರ್ಖಾನೆಯ ಬಸ್ಸಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಆರೂಮುಕ್ಕಾಲಿಗೆ ಹೊರಟೇಬಿಡುತ್ತದೆ. ಸೋಮವಾರ ಮೂರನೆಯ ಸಲ ಬಸ್ಸು ತಪ್ಪಿದಾಗ ಅವಳು ತೀರ್ಪು ಕೊಟ್ಟಳು: ಫಿಲ್ಟರ್ ಗುಜರಿಗೆ, ಇನ್ನು ಮೇಲೆ ಈ ಮನೆಯಲ್ಲಿ ಹಾಲಿಗೆ ಹಾಕಿ ಕಲಕಿದರೆ ಕಾಫಿಯಾಗುವ ಪುಡಿ.

ನಾನು ಮೇಲ್ಮನವಿ ಸಲ್ಲಿಸಿದೆ. ಅವಳು ಬಸ್ಸಿನಲ್ಲಿ ಗೆಳತಿಯರ ಜೊತೆ ಫೋನಿನಲ್ಲಿ ಒಂದು ಆಟ ಆಡುತ್ತಾಳೆ. ಮೂರು ವಿಚಿತ್ರ ಪ್ರಾಣಿಗಳನ್ನು ಸಾಕಿ, ಇನ್ನೊಬ್ಬರ ಮೂರರ ಜೊತೆ ಕಾದಾಡಿಸುವುದು. ನನ್ನ ಫೋನಿಗೂ ಹಾಕಿಕೊಟ್ಟಿದ್ದಳು.

"ಶನಿವಾರ ಇದ್ರಲ್ಲಿ ನನ್ನ ಸೋಲಿಸ್ಬುಡಿ, ಫಿಲ್ಟರ್ ಮನೇಲೇ ಇರ್ಲಿ" ಎಂದಳು.

ತಕ್ಷಣ ಒಪ್ಪಿದೆ. ಯಾಕೆಂದರೆ ನನ್ನ ಬಳಿ ಕೆಂಡಪ್ಪ ಇದ್ದ.

ಕೆಂಡಪ್ಪ ಬೆಂಕಿ ಉಗುಳುವ ಓತಿಕೇತ. ನಾನು ಸಾಕಿದ ಮೊದಲ ಪ್ರಾಣಿ. ದಿನಾ ತಪ್ಪದೆ ಮೇವು ಹಾಕಿ ನಲವತ್ತನೇ ಮಟ್ಟಕ್ಕೆ ತಂದಿದ್ದೆ. ಸುಮಿತ್ರಳ ನೀರಿನ ಆಮೆ ಇನ್ನೂ ಇಪ್ಪತ್ತೆಂಟರಲ್ಲಿತ್ತು. ಸಾಲದ್ದಕ್ಕೆ ಇಪ್ಪತ್ತು ವರ್ಷದಿಂದ ಈ ಮನೆಯ ಒಲೆ ನೋಡಿಕೊಂಡವನು ನಾನು. ಬೆಂಕಿಗೂ ನೀರಿಗೂ ಜಗಳ ಬಿದ್ದರೆ ಏನಾಗುತ್ತದೆಂದು ನನಗೆ ಹೇಳಿಕೊಡಬೇಕೆ? ನೀರು ಕುದಿಯುತ್ತದೆ. ಅಷ್ಟೇ!

ಸೋಮವಾರ ಸಂಜೆಯ ಅಭ್ಯಾಸ ಪಂದ್ಯದಲ್ಲಿ ನೀರು ಕುದಿಯಲಿಲ್ಲ. ಕೆಂಡಪ್ಪ ಮೈಯೆಲ್ಲ ಬಿಗಿಹಿಡಿದು ಉಗುಳಿದ ಬೆಂಕಿ ಆಮೆಗೆ ಅರ್ಧ ಪೆಟ್ಟು. ಆಮೆ ಆಕಳಿಸುತ್ತಾ ಎರಚಿದ ನೀರು ಕೆಂಡಪ್ಪನಿಗೆ ಎರಡು ಪೆಟ್ಟು. ನಾಲ್ಕು ಎರಚಿಗೆ ನಲವತ್ತನೇ ಮಟ್ಟ ಬೂದಿಯಾಯಿತು.

ಸುಮಿತ್ರಳಿಗೆ ಕನಿಕರ ಬಂತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟಳು: ನೀರು ಬೆಂಕಿಗೆ, ಬೆಂಕಿ ಗಿಡಕ್ಕೆ, ಗಿಡ ನೀರಿಗೆ ಎರಡರಷ್ಟು ಪೆಟ್ಟು. ತಿರುಗಾಮುರುಗಾ ಆದರೆ ಅರ್ಧ. ಬಂದ ಪ್ರಾಣಿ ಸರಿಹೊಂದದಿದ್ದರೆ ನಡುವೆಯೇ ಬದಲಾಯಿಸಲು ಒಂದು ಗುಂಡಿಯೂ ಇದೆಯಂತೆ. ನಾನು ಹಾಳೆಯನ್ನು ಬಾಯಿಪಾಠ ಮಾಡಿದೆ. ಮಂಗಳವಾರ ಸೋತೆ. ಬುಧವಾರ ಸೋತೆ. ಗುರುವಾರ ಬೇಗ ಸೋತೆ.

ಹಾಳೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಸಂಸ್ಕಾರದಲ್ಲಿ. ಹಿರಿಯವನೆಂದು ಪ್ರತಿಸಲ ಕೆಂಡಪ್ಪನನ್ನೇ ಮೊದಲು ಕಳಿಸುತ್ತಿದ್ದೆ. ಅದು ಗೊತ್ತಿದ್ದ ಸುಮಿತ್ರ ಪ್ರತಿಸಲ ಆಮೆಯನ್ನೇ ಬಿಡುತ್ತಿದ್ದಳು. ಗುಂಡಿ ಒತ್ತಿ ಕೆಂಡಪ್ಪನನ್ನು ಹಿಂದಕ್ಕೆ ಕರೆಯಲು ನನ್ನ ಕೈ ಏಳುತ್ತಿರಲಿಲ್ಲ. ಎಲೆಯ ಮುಂದೆ ಕೂತವರನ್ನು ಅರ್ಧದಲ್ಲಿ ಎಬ್ಬಿಸಬಾರದೆಂದು ಅಮ್ಮ ಕಲಿಸಿದ್ದಳು. ಅವಳ ಮಾತು ಉಳಿಸಲು ಹೋಗಿ ಅವಳ ಫಿಲ್ಟರನ್ನೇ ಗುಜರಿಗೆ ಹಾಕುವ ಹಂತಕ್ಕೆ ತಂದಿದ್ದೆ!

ಶುಕ್ರವಾರ ಮಹಡಿಮನೆಯ ಜಯಮ್ಮನವರು ಕರಿಬೇವಿಗೆಂದು ಬಂದರು. ಎಪ್ಪತ್ತು ದಾಟಿದ ಹೆಂಗಸು, ಲೆಕ್ಕವಿಲ್ಲದಷ್ಟು ಮದುವೆಗಳ ಪಂಕ್ತಿ ಕಂಡವರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಕೆಂಡಪ್ಪನ ಕಥೆಯನ್ನು ಮೊದಲಿನಿಂದ ಹೇಳಿದೆ. ಕರಿಬೇವು ಕೀಳುತ್ತಲೇ ಕೇಳಿಸಿಕೊಂಡರು.

"ಅಲ್ಲ ಕಣಪ್ಪ, ನಿನ್ ಕೆಂಡಪ್ಪ ಊಟಕ್ ಕೂತವ್ನೋ, ಬಡ್ಸಕ್ ಬಂದವ್ನೋ?"

ನಾನು ಯೋಚಿಸಿದೆ. ಅವನು ಏನನ್ನೂ ತಿನ್ನುವುದಿಲ್ಲ, ಕೊಡುವುದೇ ಕೆಲಸ. ಬಡಿಸುವವನೇ ಎಂದೆ.

"ಮತ್ತೆ? ಸಾರಿನವ್ನು ಹೋದ್ಮೇಲೆ ಪಲ್ಯದವ್ನು ಬರ್ಬೇಕು. ಒಬ್ನೇ ನಿಂತ್ಕೊಂಡು ಉಪ್ಪಿನ್‌ಕಾಯೇ ಬಡಿಸ್ತಾ ಇದ್ರೆ ಕೂತೋರು ಎದ್ದು ಹೊಡೀದೆ ಬುಡ್ತಾರಾ?"

ಒಂದು ಹಿಡಿ ಕರಿಬೇವಿಗೆ ಇಷ್ಟು ಜ್ಞಾನ ಬೇರೆಲ್ಲೂ ಸಿಕ್ಕುವುದಿಲ್ಲ.

ಶನಿವಾರ ಸಂಜೆ ಐದಕ್ಕೆ ಎದುರುಬದುರು ಕುಳಿತೆವು. ನಡುವೆ ಸ್ಟೂಲಿನ ಮೇಲೆ, ಸ್ವಂತ ವಿಚಾರಣೆಗೆ ಹಾಜರಾದಂತೆ, ಫಿಲ್ಟರ್. ನಾನು ಎಂದಿನಂತೆ ಕೆಂಡಪ್ಪನನ್ನು ಕಳಿಸಿದೆ. ಸುಮಿತ್ರ ನಗುತ್ತಾ ಆಮೆ ಬಿಟ್ಟಳು.

ಕೆಂಡಪ್ಪನನ್ನು ಎಬ್ಬಿಸಿದೆ!

ಬದಲಾಯಿಸುವಷ್ಟರಲ್ಲಿ ಆಮೆ ಒಮ್ಮೆ ಎರಚಿತು. ಹೊಸದಾಗಿ ಬಂದವಳು ನನ್ನ ಬಳ್ಳಿಪ್ರಾಣಿ ಬಸಳಮ್ಮ. ನೀರು ಅವಳಿಗೆ ಅರ್ಧ ಪೆಟ್ಟು, ಸ್ನಾನ ಮಾಡಿಸಿದ ಹಾಗೆ. ಅವಳು ಕೊಟ್ಟದ್ದು ಎರಡರಷ್ಟು. ಆಮೆ ಮಗುಚಿಬಿತ್ತು. ಸುಮಿತ್ರ ನಗು ನಿಲ್ಲಿಸಿ ಬೆಂಕಿಕೋಳಿ ಬಿಟ್ಟಳು. ಬಸಳಮ್ಮನನ್ನು ಒಳಕ್ಕೆ ಕರೆದು ನೀರಿನ ಕಪ್ಪೆಯನ್ನು ಕಳಿಸಿದೆ. ಮೂರು ಎರಚಿಗೆ ಕೋಳಿ ಒದ್ದೆ ಒಲೆಯಾಯಿತು.

"ರೀ, ಯಾರ್ ಹೇಳ್ಕೊಟ್ರು ನಿಮ್ಗೆ?"

ಪಂಕ್ತಿಯಲ್ಲಿ ಬಡಿಸುವವರು ಮಾತಾಡುವುದಿಲ್ಲ. ಅವಳಿಗೆ ಉಳಿದದ್ದು ಒಂದೇ, ಕುಂಬಳಕಾಯಿಯಂಥ ಗಿಡಪ್ರಾಣಿ. ಗಿಡಕ್ಕೆ ಬೇಕಾದದ್ದು ಬೆಂಕಿ. ಅಂದರೆ ನನ್ನ ಕೆಂಡಪ್ಪ! ಹಿರಿಯನನ್ನು ಎಬ್ಬಿಸಿದ್ದು ಅವಮಾನಕ್ಕಲ್ಲ, ಪಾಯಸದ ಸರದಿಗೆ. ಹೆಮ್ಮೆಯಿಂದ ಕರೆದು ಬೆಂಕಿಯ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಬೆವರಿದ ಬೆರಳನ್ನು ಫೋನು ಬೆರಳೆಂದೇ ಒಪ್ಪಲಿಲ್ಲ. ಪಂಚೆಗೆ ಒರೆಸಿದೆ, ಪಂಚೆಯೂ ಬೆವರಿತ್ತು. ಪರದೆಯ ಮೇಲೆ ಸಮಯ ಓಡುತ್ತಿತ್ತು. ಒಣಗಿದ್ದದ್ದು ಮೂಗಿನ ತುದಿ ಮಾತ್ರ. ಬಗ್ಗಿ ಒತ್ತಿದೆ. ಎರಡು ಸಲ ಒತ್ತಿದೆ. ಕುಂಬಳಕಾಯಿ ಸುಟ್ಟು ಕರಕಲಾಯಿತು.

ಗೆದ್ದೆ! ಮೂಗಿನಿಂದ ಗೆದ್ದೆ! ಫಿಲ್ಟರನ್ನು ಎರಡೂ ಕೈಯಲ್ಲಿ ಎತ್ತಿ ನಡುಮನೆಯಲ್ಲಿ ಒಂದು ಸುತ್ತು ಬಂದೆ. ಜಯಮ್ಮನವರು ಮಹಡಿಯಿಂದಲೇ ಏನು ಬಿತ್ತೆಂದು ಕೂಗಿ ಕೇಳಿದರು. ಸುಮಿತ್ರ ನ್ಯಾಯವಂತಳು. ಸೋತೆ ಎಂದು ಒಪ್ಪಿಕೊಂಡು, "ಸರಿ, ಗೆದ್ದೋರು ಕಾಫಿ ಕೊಡಿ" ಎಂದಳು.

ವಿಜಯದ ಡಿಕಾಕ್ಷನ್ನಿಗೆಂದು ಐದೂವರೆಗೆ ಪುಡಿ ಹಾಕಿ ಬಿಸಿನೀರು ಸುರಿದೆ. ಆರಾಯಿತು. ಆರೂವರೆಯಾಯಿತು. ಮುಚ್ಚಳ ತೆಗೆದರೆ ನೀರು ಹಾಗೇ ನಿಂತಿತ್ತು. ಸುಮಿತ್ರಳೂ ಬಂದು ಇಣುಕಿದಳು.

"ಕಾಫಿಪುಡಿನೂ ಗಿಡದ ಜಾತೀನೇ ಕಣ್ರೀ. ನೀರಿಂದು ಅರ್ಧ ಪೆಟ್ಟೇ."

ಅವಳ ಕೈಚೀಲದಲ್ಲಿ ಕಲಕುವ ಪುಡಿಯ ಎರಡು ಪೊಟ್ಟಣಗಳಿದ್ದವು. ಇಬ್ಬರೂ ಕುಡಿದೆವು. ಚೆನ್ನಾಗಿತ್ತು. ನಾನದನ್ನು ಹೇಳಲಿಲ್ಲ.

ರಾತ್ರಿ ಊಟಕ್ಕೆ ಅನ್ನ, ಹುರುಳಿಕಾಳಿನ ಸಾರು, ಸುಟ್ಟ ಹಪ್ಪಳ. ಮೊದಲು ನಿದ್ದೆ ಹೋದವನು ವಿಜೇತ. ಆಮೇಲೆ ಸುಮಿತ್ರ. ಫಿಲ್ಟರ್ ಕೆಲಸ ಮುಗಿಸಿ ಮಲಗಿದ್ದು ಎಷ್ಟು ಹೊತ್ತಿಗೋ ಯಾರಿಗೂ ಗೊತ್ತಿಲ್ಲ.